ಪೂಜೆಗಿಟ್ಟ ಲ್ಯಾಪ್‌ಟಾಪು

ರಬಕವಿಯಲ್ಲಿ ಸಾವಿತ್ರೆವ್ವನ ಮಗಳ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. ವೆಬ್‌ಸೈಟ್ ವೈಶಾಲಿಯ ಮನೆ ಎಂದರೆ ಬಾಗಿಲ ತನಕ ಬಿಟ್ಟು ಬರುತ್ತಾರೆ. ಜಮಖಂಡಿಯಲ್ಲಿ ಬಿ.ಕಾಂ. ಮುಗಿಸಿ, ಲಗ್ನದ ಮಾತು ಬಂದಾಗಲೆಲ್ಲ ಕಂಪ್ಯೂಟರಿನ ಹಿಂದೆ ಅಡಗಿಕೊಂಡು, ವರ್ಡ್‌ಪ್ರೆಸ್ಸಿನ ವಿದ್ಯೆಯನ್ನು ತಾನೇ ಕಲಿತವಳು. ಮುಧೋಳದಲ್ಲಿ ಬೇಟೆನಾಯಿ ಸಾಕುವವರಿಗೆ, ಬೀಳಗಿಯ ಕಲ್ಯಾಣ ಮಂಟಪಕ್ಕೆ, ಸಮೀರವಾಡಿ ಹಾದಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಸೈಟು ಕಟ್ಟಿಕೊಟ್ಟವಳು ಇವಳೇ. ಕಟ್ಟುವುದೇನು ಮಹಾ, ಕಟ್ಟಿದ್ದನ್ನು ದಿನವೂ ನಡೆಸುವುದರಲ್ಲಿ ಜೀವ ಹೈರಾಣ. ನಾಯಿಯವರು ಸೈಟು ನಿಧಾನವೆಂದು ಬೈಯುತ್ತಾರೆ, ಮಂಟಪದವರು ಪಾಸ್‌ವರ್ಡ್ ತಾವೇ ಮರೆತು ಇವಳನ್ನು ಬೈಯುತ್ತಾರೆ. ಇವಳೂ ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ ಬಿಡಿ. ತಿರುಗಿ ಬೈದೇ ರಿಪೇರಿ ಮಾಡಿಕೊಡುತ್ತಾಳೆ.

ಆದರೆ ನೇಕಾರರ ಸಂಘದ ಸೈಟಿನ ಮಾತು ಬೇರೆ. ಸಂಘದ ಶೆಡ್ಡಿನಲ್ಲಿ ಉಳಿದಿದ್ದ ಕೆಲವೇ ಕೈಮಗ್ಗಗಳಲ್ಲಿ ಒಂದು ಸಾವಿತ್ರೆವ್ವನದು. ಗಂಡ ತೀರಿದ ಮೇಲೆ ಆ ಮಗ್ಗದ ಮೇಲೇ ಮಗಳನ್ನು ಓದಿಸಿದ ಹೆಂಗಸು ಅದು. ದೀಪಾವಳಿಯೊಳಗೆ ಕೈಮಗ್ಗದ ಸೀರೆಗೆ ದೊಡ್ಡ ಗಿರಾಕಿ ಸಿಗದಿದ್ದರೆ ಮಗ್ಗ ಕಿತ್ತು ಶೆಡ್ಡಿನಲ್ಲಿ ಪವರ್‌ಲೂಮ್ ಕೂರಿಸುವುದೆಂದು ಸಂಘದವರು ಠರಾವು ಮಾಡಿದ್ದರು. ಆ ಹೊತ್ತಿಗೆ, ಪರದೇಶದಲ್ಲಿ ಒಂದು ಮ್ಯೂಸಿಯಮ್ಮಿನ ಅಂಗಡಿ ನಡೆಸುವ ಹೆಂಗಸೊಬ್ಬಳು ಸೈಟಿನಲ್ಲಿ ಸೀರೆಯ ಫೋಟೋ ನೋಡಿ ವೈಶಾಲಿಗೆ ಮೇಲ್ ಬರೆದಳು. ತಮ್ಮ ಸಭೆಯಲ್ಲಿ ಈ ಸೈಟನ್ನೇ ತೆರೆದು ತೋರಿಸುತ್ತೇನೆ, ಆರ್ಡರ್ ಕೊಡುವುದು ಬಿಡುವುದು ಅಲ್ಲೇ ತೀರ್ಮಾನ ಎಂದಳು. ಸಭೆ ಬುಧವಾರ, ನಮ್ಮ ಮಧ್ಯಾಹ್ನದ ಹೊತ್ತಿಗೆ. ಆ ಬುಧವಾರ ನಮ್ಮಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಎಂಬುದು ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು!

ಖಂಡೇಪೂಜೆ ಎಂದರೆ ನೇಕಾರರ ಓಣಿಯಲ್ಲಿ ಹುಡುಗಾಟವಲ್ಲ. ಹಿಂದಿನ ದಿನವೇ ಮಗ್ಗದ ಧೂಳು ಝಾಡಿಸಿ ಒರೆಸಿ, ಮರುದಿನ ವಿಭೂತಿ, ಕುಂಕುಮ, ಹೂವು ಏರಿಸಿ ಕೈ ಮುಗಿದರೆ, ಮಾರನೆಯ ದಿನ ಪೂಜೆ ಇಳಿಸುವ ತನಕ ಯಾರೂ ಯಾವ ಸಲಕರಣೆಯನ್ನೂ ಮುಟ್ಟುವಂತಿಲ್ಲ. ಸಾವಿತ್ರೆವ್ವ ಆ ದಿನ ಲಾಳಿಯ ಪಕ್ಕದಲ್ಲೇ ಮಗಳ ಲ್ಯಾಪ್‌ಟಾಪನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡಿದ್ದಳು. ಫೋನಿಗೂ ಕುಂಕುಮ ಹಚ್ಚಿ, ಇದು ಸಲಕರಣೆ ಅಲ್ಲ, ಚಟ ಎಂದು ಹೇಳಿ ಕೂಡಲೇ ಮಗಳ ಕೈಗೆ ವಾಪಸ್ಸು ಕೊಟ್ಟಿದ್ದಳು.

ಹೋಳಿಗೆ ಉಂಡು ವೈಶಾಲಿ ಆ ಚಟದಲ್ಲಿ ಸಂಘದ ಸೈಟು ತೆರೆದಳು. ಸೀರೆ ಇಲ್ಲ, ಮಗ್ಗ ಇಲ್ಲ. ಬಿಳಿ ಪರದೆಯ ಮೇಲೆ, ಸೈಟಿನಲ್ಲಿ ಗಂಭೀರ ದೋಷವಿದೆ ಎಂಬ ಒಂದೇ ಸಾಲು.

ಕೈ ಇಟ್ಟವರು ಯಾರೆಂದು ಯೋಚಿಸುವ ಗರಜೇ ಇರಲಿಲ್ಲ. ಸೈಟಿನ ಪೂರ್ತಿ ಅಧಿಕಾರವಿದ್ದುದು ಇಬ್ಬರಿಗೆ, ತನಗೆ ಮತ್ತು ಸಂಘದ ಅಧ್ಯಕ್ಷ ಚನಮಲ್ಲಪ್ಪನಿಗೆ. ಹಿರಿಯರಿಗೆ ಅರ್ಧ ಅಧಿಕಾರ ಕೊಟ್ಟರೆ ಅವಮಾನವೆಂದು ಅವಳೇ ಪೂರ್ತಿ ಕೊಟ್ಟಿದ್ದಳು. ಫೋನ್ ಮಾಡಿದರೆ ಮುದುಕ ಖುಷಿಯಲ್ಲಿದ್ದ. ನಿನ್ನೆ ಎಲ್ಲರೂ ಮಗ್ಗ ಸ್ವಚ್ಛ ಮಾಡುವಾಗ ತಾನು ಸೈಟನ್ನೂ ಸ್ವಚ್ಛ ಮಾಡಿದೆನೆಂದ.

"ಅಲ್ಲಲ್ಲಿ ಕೆಂಪು ಚುಕ್ಕಿ ಬಿದ್ದಿದ್ದುವಲ್ಲವಾ, ಎಲ್ಲಾ ಒತ್ತಿ ಒತ್ತಿ ತಗದೀನಿ. ಒಂದೂ ಉಳದಿಲ್ಲ ನೋಡು."

ಅವು ಹೊಸ ಆವೃತ್ತಿ ಬಂದಿದೆ ಎಂದು ಸೈಟು ತೋರಿಸುವ ಗುರುತು. ಫೋಟೋ ತೋರಿಸಲು ಸೈಟಿಗೆ ಜೋಡಿಸಿದ ಪ್ಲಗಿನ್ ಹಳೆಯದು, ಹೊಸದು ಹಾಕಿದರೆ ಉಳಿದವುಗಳ ಜತೆ ಜಗಳಾಡುತ್ತದೆಂದು ವೈಶಾಲಿ ಬೇಕೆಂತಲೇ ಬಿಟ್ಟಿದ್ದಳು. ಚನಮಲ್ಲಪ್ಪ ಕಾಕಾ ಎಲ್ಲವನ್ನೂ ಒಂದೇ ಏಟಿಗೆ ಹೊಸದು ಮಾಡಿದ್ದ. ವಿಷಯ ತಿಳಿದ ಮೇಲೆ ಅವನ ದನಿ ಇಳಿಯಿತು. ನಾಳೆ ಪೂಜೆ ಇಳಿಸಿದ ಮೇಲೆ ಸರಿ ಮಾಡವ್ವಾ, ಇವತ್ತು ಮುಟ್ಟಬೇಡ ಎಂದು ಫೋನ್ ಇಟ್ಟ. ನಾಳೆ ಸರಿ ಮಾಡಿ ಯಾರಿಗೆ ತೋರಿಸುವುದು?

ಫೋನಿನಲ್ಲೇ ಆದೀತೇನೋ ಎಂದು ನೋಡಿದಳು. ಸೈಟು ಇಟ್ಟ ಹೋಸ್ಟಿಂಗ್ ಕಂಪನಿಯ ಪಾಸ್‌ವರ್ಡ್ ಲ್ಯಾಪ್‌ಟಾಪಿನೊಳಗಿತ್ತು. ಸಭೆಗೆ ಎರಡು ತಾಸೂ ಉಳಿದಿರಲಿಲ್ಲ. ಅವಳು ಮಣೆಯ ಮುಂದೆ ಹೋಗಿ ನಿಂತಳು. ಹಿಂದಿನಿಂದ ಅವ್ವ ಬಂದು ನಿಂತದ್ದು ತಿಳಿಯಿತು.

ಆದದ್ದನ್ನೆಲ್ಲ ಹೇಳಿದಳು. ನಿನ್ನ ಮಗ್ಗದ ಸಲುವಾಗಿಯೇ ಮುಟ್ಟುವುದು ಎಂದಳು. ಸಾವಿತ್ರೆವ್ವ ಜಗ್ಗಲಿಲ್ಲ.

"ವರ್ಸಾನಗಟ್ಲೆ ದುಡಿಸ್ಕೋತೀವಿ. ಒಂದ ದಿನಾ ಬಿಡಾಕ ಆಗೂದಿಲ್ಲಂದ್ರ, ಆ ಮಗ್ಗಾ ಉಳದ್ರ ಏನು, ಹೋದ್ರ ಏನು?"

ವೈಶಾಲಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಈ ಹೆಂಗಸಿನ ಜತೆ ವಾದ ಮಾಡುವುದಕ್ಕಿಂತ ಕಲ್ಲಿಗೆ ತಲೆ ಗಟ್ಟಿಸಿಕೊಳ್ಳುವುದು ಲೇಸು ಅನಿಸಿತು. ಆದರೂ ಬಿಡಲಿಲ್ಲ.

"ಸೋಮವಾರ ಎತ್ತಿಗೆ ನೊಗಾ ಹೂಡೂದಿಲ್ಲ, ಖರೆ. ಎತ್ತಿಗೆ ಹೊಟ್ಟಿ ಉಬ್ಬಿದ್ರ ಸೋಮವಾರ ಔಷಧಾ ಕುಡಸೂದಿಲ್ಲೇನಬೇ? ಇದಕ್ಕ ಜಡ್ಡ ಬಂದೈತಿ."

ಸಾವಿತ್ರೆವ್ವ ಮಣೆಯ ಮೇಲಿನ ಹೂವನ್ನು ತಾನೇ ತೆಗೆದು ಪಕ್ಕಕ್ಕಿಟ್ಟಳು.

"ಔಷಧಾ ಅಷ್ಟ ಹಾಕು. ದುಡಿಸಬ್ಯಾಡ," ಎಂದು ಹೇಳಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಳು.

ವೈಶಾಲಿ ವಿಭೂತಿ ಬಳಿದ ಲ್ಯಾಪ್‌ಟಾಪ್ ತೆರೆದಳು. ಹೋಸ್ಟಿಂಗ್‌ನಲ್ಲಿ ಸೈಟಿನ ಕಡತಗಳ ಒಳಹೊಕ್ಕು, ಪ್ಲಗಿನ್‌ಗಳಿದ್ದ ಫೋಲ್ಡರಿನ ಹೆಸರು ಬದಲಿಸಿದಳು. ಹೆಸರು ಬದಲಾದರೆ ಸೈಟಿಗೆ ಅವು ಸಿಗುವುದಿಲ್ಲ, ಜಗಳವೂ ಇಲ್ಲ. ಸೈಟು ಬೋಳಾಗಿ ಎದ್ದಿತು. ಮತ್ತೆ ಹಳೆಯ ಹೆಸರಿಟ್ಟು ಒಂದೊಂದನ್ನೇ ಚಾಲೂ ಮಾಡುತ್ತ, ಪ್ರತಿ ಸಲ ನೋಡುತ್ತ, ಕಾಯುತ್ತ ಬಂದಳು. ಫೋಟೋದ ಪ್ಲಗಿನ್ ಮುಟ್ಟಿದ್ದೇ ತಡ, ಮತ್ತೆ ಬಿಳಿ ಪರದೆ. ಅದರ ಹಣೆಬರಹಕ್ಕೆ ಬೆಂಕಿ ಎಂದು ಬೈದು ಅದನ್ನೇ ಹೊರಗೆ ಹಾಕಿ, ಸೀರೆಯ ಫೋಟೋಗಳನ್ನು ಸಾದಾ ಪುಟದಲ್ಲೇ ಕೂರಿಸಿದಳು. ಸೈಟು ನಿಂತಿತು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮ್ಯೂಸಿಯಮ್ಮಿನ ಹೆಂಗಸಿನ ಮೇಲ್ ಬಂತು. ಇನ್ನೇನು ಸಭೆ ಸೇರುತ್ತಾರೆ, ಈ ಸೀರೆಗಳನ್ನು ನೇಯ್ದವರು ಯಾರು, ಅವರ ಬಗ್ಗೆ ಸೈಟಿನಲ್ಲಿ ಒಂದು ಪುಟ ಹಾಕಲು ಸಾಧ್ಯವೇ ಎಂದು ಕೇಳಿದ್ದಳು.

ಇದು ಔಷಧವಲ್ಲ. ಇದು ಶುದ್ಧ ದುಡಿಮೆ. ವೈಶಾಲಿ ಕಿಟಕಿಯಿಂದ ನೋಡಿದಳು. ಅವ್ವನ ಬೆನ್ನು ಕಾಣುತ್ತಿತ್ತು. ಇಂಗ್ಲಿಷ್ ಓದಲು ಬಾರದ ಅವ್ವನಿಗೆ ಪರದೆಯ ಮೇಲೆ ಏನಿದ್ದರೂ ಒಂದೇ. ನಾಳೆ ಬರೆಯುತ್ತೇನೆ ಎಂದು ಉತ್ತರ ಕೊಡಲು ಒಮ್ಮೆ ಕೈ ಹೋಯಿತು, ಹಿಂದೆ ಬಂತು. ಆಮೇಲೆ ಬರೆಯತೊಡಗಿದಳು. ಲಾಳಿ ಒಗೆಯುತ್ತ ಹಳೆಯ ಹಾಡು ಗುನುಗುವ ಗುರಪ್ಪನ ಬಗ್ಗೆ ಬರೆದಳು, ಸೀರೆಯ ಅಂಚಿನ ದಡಿಯನ್ನು ಕಣ್ಣು ಮುಚ್ಚಿ ಗುರುತಿಸುವ ಮುದಕವ್ವನ ಬಗ್ಗೆ ಬರೆದಳು. ಅವ್ವನ ಬಗ್ಗೆ ಬರೆಯುವಾಗ ಕಣ್ಣು ತುಂಬಿ ಅಕ್ಷರ ಕಾಣದಾದವು, ಆದರೂ ಬೆರಳು ನಿಲ್ಲಲಿಲ್ಲ. ಪುಟ ಹಾಕಿ, ಲ್ಯಾಪ್‌ಟಾಪ್ ಮುಚ್ಚಿ, ಹೂವನ್ನು ಮತ್ತೆ ಅದರ ಮೇಲಿಟ್ಟಳು.

ಔಷಧ ಹಾಕಿದೆಯಾ ಎಂದು ಅವ್ವ ಕೇಳಿದಳು. ಬರೀ ಔಷಧ ಎಂದಳು ವೈಶಾಲಿ.

ಮರುದಿನ ಸಂಜೆ ಓಣಿಯ ಜನ ದಸರೆಯ ಬನ್ನಿ ಕೊಟ್ಟು ತೆಗೆದುಕೊಳ್ಳುವ ಹೊತ್ತಿಗೆ ಮೇಲ್ ಬಂತು. ಮ್ಯೂಸಿಯಮ್ಮಿನವರು ಆರ್ಡರ್ ಕೊಟ್ಟಿದ್ದರು. ನೇಕಾರರ ಪುಟ ಓದಿಯೇ ಎಲ್ಲರೂ ಒಪ್ಪಿದರೆಂದು ಆ ಹೆಂಗಸು ಬರೆದಿದ್ದಳು. ಚನಮಲ್ಲಪ್ಪ ಓಡಿ ಬಂದು, ಇನ್ನು ಶೆಡ್ಡಿಗೆ ಯಾರೂ ಕೈ ಹಚ್ಚುವುದಿಲ್ಲವೆಂದು ಭಾಷೆ ಕೊಟ್ಟು, ಸೈಟಿನ ಪಾಸ್‌ವರ್ಡನ್ನೂ ಒಪ್ಪಿಸಿ ಹೋದ. ವೈಶಾಲಿಗೆ ಮಾತ್ರ ಆ ಖುಷಿ ರುಚಿಸಲಿಲ್ಲ. ಅವ್ವನ ಎದುರು ಕುಳಿತು, ನಿನ್ನೆ ನಾನು ಸುಳ್ಳು ಹೇಳಿದೆ ಎಂದಳು.

ಸಾವಿತ್ರೆವ್ವ ಬನ್ನಿ ಎಲೆ ಜೋಡಿಸುತ್ತಲೇ ಹೇಳಿದಳು.

"ಗೊತ್ತೈತಿ. ನಿನ್ನ ಬೆರಳಿನ ಸಪ್ಪಳ ಕಟ್ಟಿ ತನಕ ಕೇಳತಿತ್ತು. ರಿಪೇರಿ ಸಪ್ಪಳ ನಿಂತ ನಿಂತ ಬರತೈತಿ, ನೇಯೂ ಸಪ್ಪಳ ನಿಲ್ಲೂದಿಲ್ಲ. ಮೊದಲ ನೀ ರಿಪೇರಿ ಮಾಡಿದಿ. ಆಮ್ಯಾಲ ನೇಯ್ದಿ."

ಹಾಗಾದರೆ ಯಾಕೆ ಬಂದು ಬೈಯಲಿಲ್ಲ ಎಂದು ಮಗಳು ಕೇಳಿದಳು.

"ಏಳಬೇಕಂದೆ. ಏಳಲಿಲ್ಲ. ನನಗೂ ಮಗ್ಗಾ ಬೇಕಾಗಿತ್ತವಾ. ಪಾಪದಾಗ ಅರ್ಧಾ ನಂದು."

ಆಮೇಲೆ ಇಬ್ಬರೂ ಎದ್ದು ಹೋಗಿ ಲ್ಯಾಪ್‌ಟಾಪಿನ ಮೇಲೆ ಬನ್ನಿ ಎಲೆ ಇಟ್ಟು, ತಪ್ಪಾಯಿತೆಂದು ಕೈ ಮುಗಿದರು.