ಗಾಡಿ ತುಂಬಿದೆ ಎಂದ ಶುಕ್ರವಾರ

ಧನುರ್ಮಾಸದ ಶುಕ್ರವಾರ ಅದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕಷ್ಟದ ಕೆಲಸವಲ್ಲ, ಆದರೆ ಮುಗಿಯುವುದೇ ಇಲ್ಲ. ನಮ್ಮ ಯಜಮಾನರು ಆ ಹೊತ್ತಿನಲ್ಲಿ ಮನೆಗೆ ಬರುವವರಲ್ಲ. ಚಪ್ಪಲಿ ಬಿಟ್ಟ ಸದ್ದಾಗಿ ತಲೆಯೆತ್ತಿದರೆ ಬಾಗಿಲಿಗೆ ಒರಗಿ ನಿಂತಿದ್ದಾರೆ.

"ಪಾತ್ರೆ ಫ್ಯಾಕ್ಟರಿ ಲೋಡು ಬೇರೆಯವರ ಪಾಲಾಯ್ತು ಕಣೇ," ಅಂದರು.

ಆ ಲೋಡು ನಮಗೆ ಏನಾಗಿತ್ತು ಎನ್ನುವುದನ್ನು ಮೊದಲು ಹೇಳಬೇಕು. ರಾಜಾಜಿನಗರದ ಕಡೆಯ ಒಂದು ಸ್ಟೀಲ್ ಪಾತ್ರೆ ಫ್ಯಾಕ್ಟರಿಯಿಂದ ಕೆಂಗೇರಿ ಉಪನಗರದ ಗೋಡೌನ್‌ಗೆ ವಾರಕ್ಕೆ ಮೂರು ಸಲ ಸಾಮಾನು ಸಾಗಿಸುವ ಕೆಲಸ. ಖಾಯಂ ಬಾಡಿಗೆ. ನಮ್ಮಲ್ಲಿ ಉಳಿದಿದ್ದುದು ಒಂದೇ ಒಂದು ಸಣ್ಣ ಲಾರಿ. ಅದರ ಎಫ್‌ಸಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯ ಎಂದು ಆರ್‌ಟಿಒದವರು ಕೊಡುವ ಕಾಗದ, ಆ ತಿಂಗಳಿಗೆ ಮುಗಿಯುತ್ತಿತ್ತು. ಅದನ್ನು ಮತ್ತೆ ಮಾಡಿಸಬೇಕೆಂದರೆ ಬ್ರೇಕು, ಬಾಡಿ, ಬಣ್ಣ ಎಲ್ಲವೂ ಆಗಬೇಕು. "ಆ ಲೋಡು ಸಿಕ್ಕಿದ್ರೆ ಎಫ್‌ಸಿ ಮಾಡಿಸ್ತೀನಿ. ಇಲ್ದಿದ್ರೆ ಮಾರಿಬಿಡ್ತೀನಿ," ಎಂದು ಅವರು ದೀಪಾವಳಿ ಹೊತ್ತಿಗೇ ಹೇಳಿಬಿಟ್ಟಿದ್ದರು. ಅಂದಿನಿಂದ ನಾನು ದೇವರಲ್ಲಿ ಬೇರೇನೂ ಕೇಳಿರಲಿಲ್ಲ.

ನಮ್ಮ ಮಾವನವರು ಚಂದ್ರಾ ಲೇಔಟ್‌ನಲ್ಲಿ ಮನೆಗಳು ಏಳುವ ಕಾಲಕ್ಕೆ ಒಂದೇ ಲಾರಿಯಲ್ಲಿ ಇಟ್ಟಿಗೆ, ಮರಳು ಹೊಡೆದವರು. ಯಜಮಾನರ ಕೈಗೆ ಬಂದಾಗ ಒಂದು ಗಾಡಿ ಮೂರಾಯಿತು. ಆಯುಧಪೂಜೆಯ ದಿನ ಮೂರಕ್ಕೂ ಬಾಳೆಕಂದು ಕಟ್ಟಿ ಸಾಲಾಗಿ ನಿಲ್ಲಿಸಿದರೆ ಗೋವಿಂದರಾಜನಗರದ ನಮ್ಮ ಬೀದಿಯೇ ಮುಚ್ಚಿಹೋಗುತ್ತಿತ್ತು. ಕೊರೊನಾ ವರ್ಷ ಒಂದು ಹೋಯಿತು. ಅದಾಗಿ ಎರಡು ವರ್ಷಕ್ಕೆ ಇನ್ನೊಂದು ಹೋಯಿತು. ಅದನ್ನು ಓಡಿಸುತ್ತಿದ್ದ ಡ್ರೈವರು ಈಗ ಸ್ಕೂಲ್ ವ್ಯಾನ್ ಓಡಿಸುತ್ತಾರೆ, ಭಾನುವಾರ ರಜೆ ಸಿಗುತ್ತದೆ. ದೇವರು ಅವರನ್ನಾದರೂ ಒಂದು ದಡ ಸೇರಿಸಿದ.

ದೂರದೂರಿಗೆ ಹೋಗುವ ಲಾರಿಗಾದರೆ ಊರು ದಾಟಿದ ಮೇಲೆ ಓಡುವ ದಾರಿ ಉಂಟು. ನಮ್ಮದು ಊರೊಳಗಿನ ಬಾಡಿಗೆ. ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಬೆಳಿಗ್ಗೆ ಇಷ್ಟು ಹೊತ್ತಿನ ತನಕ ಈ ರಸ್ತೆಗೆ ಬರಬೇಡಿ, ಸಂಜೆ ಆ ರಸ್ತೆಗೆ ಬರಬೇಡಿ ಅನ್ನುತ್ತಾರೆ. ಮಾಗಡಿ ರಸ್ತೆಯಿಂದ ಕೆಂಗೇರಿಗೆ ಹೋಗಿ ಇಳಿಸಿ ಬರುವಷ್ಟರಲ್ಲಿ ದಿನ ಕರಗಿರುತ್ತದೆ, ಬರುವಾಗ ಲೋಡು ಇರುವುದಿಲ್ಲ. ಡೀಸೆಲ್ ಮಾತ್ರ ಎರಡು ಕಡೆಗೂ ಉರಿಯುತ್ತದೆ. ಇದರ ನಡುವೆ ಮೊಬೈಲ್ ಒತ್ತಿದರೆ ಬರುವ ಗಾಡಿಗಳು, ಸದ್ದಿಲ್ಲದೆ ಸಂದಿಗೊಂದಿಯಲ್ಲಿ ನುಗ್ಗುವ ಕರೆಂಟ್ ಆಟೋಗಳು. ಬೆಳಗಿನ ಜಾವದಿಂದ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಹತ್ತು ಗಾಡಿಯವರಲ್ಲಿ ಈಗ ಮೂವರು ಉಳಿದಿದ್ದಾರೆ, ಅವರೂ ಹೆಚ್ಚು ಹೊತ್ತು ಇಸ್ಪೀಟು ಹಿಡಿದು ಕೂತಿರುತ್ತಾರೆ ಎಂದು ಯಜಮಾನರೇ ಹೇಳುತ್ತಿದ್ದರು.

ಈಗ ಆ ಬೆಳಿಗ್ಗೆಯ ಮಾತಿಗೆ ಬರುತ್ತೇನೆ.

"ಹೆಂಗೆ ಹೋಯ್ತು ರೀ? ನಿಮಗೇ ಕೊಡ್ತೀನಿ ಅಂದಿದ್ರಲ್ಲ?" ಅಂದೆ.

"ಲೋಡು ಸಿಕ್ಕಿದೋರೇ ಸ್ಟ್ಯಾಂಡಲ್ಲಿ ಹೇಳಿದ್ರು. ಫ್ಯಾಕ್ಟರಿಯವರು ಮೊದಲು ನಮಗೇ ಫೋನ್ ಮಾಡಿದ್ರಂತೆ, ಬೆಳಿಗ್ಗೆ ಏಳಕ್ಕೆ. ಗಾಡಿ ಖಾಲಿ ಇದ್ಯಾ ಅಂತ ಕೇಳಿದ್ರಂತೆ. ಯಾರೋ ಹೆಂಗಸು ಎತ್ತಿ, ತುಂಬಿದೆ ಸಾರ್ ಅಂದ್ರಂತೆ. ನಾಲ್ಕು ದಿನದಿಂದ ಮನೆ ಮುಂದೆ ನಿಂತಿರೋ ಗಾಡಿ! ಈ ಮನೇಲಿ ಅದ್ಯಾವ ಹೆಂಗಸೇ ಇರೋದು?"

ಕೈಯಲ್ಲಿದ್ದ ಕಾಳು ಒಲೆಯ ಕೆಳಗೆ ಹಾರಿಹೋಯಿತು.

ನಾನೇ ಅಂದಿದ್ದೆ. ಅವರು ಸ್ನಾನಕ್ಕೆ ಹೋಗಿದ್ದರು. ಫೋನು ದೇವರಮನೆಯ ಪಕ್ಕ ಚಾರ್ಜಿಗೆ ಹಾಕಿತ್ತು. ನಾನು ಆಗಷ್ಟೇ ಹುಗ್ಗಿ ನೈವೇದ್ಯ ಮುಗಿಸಿ, ಗಾಡಿಯ ಮುಂಗಾಜಿಗೂ ಒಂದು ಮೊಳ ಹೂವು ಮುಡಿಸಿ ಒಳಗೆ ಬಂದಿದ್ದೆ. ಇನ್ನೂ ಮಂಗಳಾರತಿ ತಟ್ಟೆ ಕೈಯಲ್ಲೇ ಇತ್ತು. ಒಂದು ಕೈಯಲ್ಲಿ ಫೋನು ಎತ್ತಿದರೆ ಆ ಕಡೆಯಿಂದ, "ಅಮ್ಮಾ, ಗಾಡಿ ಖಾಲಿನಾ?"

ನಮ್ಮಮ್ಮ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದು. ಅಕ್ಕಿ ಮುಗಿದರೆ ಖಾಲಿ ಅನ್ನಬಾರದು, ತುಂಬಿದೆ ಅನ್ನಬೇಕು. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು. ದೀಪ ಆರಿತು ಅನ್ನಬಾರದು, ಶಾಂತವಾಯಿತು ಅನ್ನಬೇಕು. ಇಲ್ಲ ಎನ್ನುವ ಮಾತಿಗೆ ಮನೆಯಲ್ಲಿ ಓಡಾಡುವ ದೇವತೆಗಳು ಅಸ್ತು ಅಂದುಬಿಡುತ್ತಾರಂತೆ. ಐವತ್ತು ವರ್ಷ ನಡೆಸಿಕೊಂಡು ಬಂದ ನಾಲಿಗೆ. ಶುಕ್ರವಾರ, ಕೈಯಲ್ಲಿ ಆರತಿ, ಎದುರಿಗೆ ಲಕ್ಷ್ಮಿ. ನಮಗೆ ಅನ್ನ ಹಾಕಿದ ಗಾಡಿಯನ್ನು ಖಾಲಿ ಎಂದು ಹೇಗೆ ಹೇಳಲಿ? "ತುಂಬಿದೆ ಸಾರ್," ಅಂದೆ. ಆ ಕಡೆಯವರು "ಸರಿ ಬಿಡಿ" ಎಂದು ಇಟ್ಟುಬಿಟ್ಟರು. ಅಷ್ಟರಲ್ಲಿ ಕುಕ್ಕರ್ ಕೂಗಿತು, ನಾನು ಮರೆತೆ.

ಗಾಡಿಯವರ ಬಾಯಲ್ಲಿ ಖಾಲಿ ಎಂದರೆ ಒಳ್ಳೆಯ ಮಾತು, ಬನ್ನಿ ಲೋಡ್ ಮಾಡಿ ಎಂದು ಕರೆದಂತೆ. ಯಜಮಾನರು ದಿನಕ್ಕೆ ನಲವತ್ತು ಸಲ ಆಡುವ ಮಾತದು. ಮೂವತ್ತು ವರ್ಷ ಸಂಸಾರ ಮಾಡಿಯೂ ಅದು ನನ್ನ ಕಿವಿಗೆ ಬಿದ್ದಿತ್ತೇ ಹೊರತು ಬಾಯಿಗೆ ಬಂದಿರಲಿಲ್ಲ.

"ನಾನೇ ರೀ," ಅಂದೆ. ಎಲ್ಲ ಹೇಳಿದೆ.

ಅವರು ಕೂಗಾಡಲಿಲ್ಲ. ಕೂಗಿದ್ದರೆ ವಾಸಿಯಿತ್ತು. "ಏನ್ ತುಂಬಿತ್ತೇ ಗಾಡೀಲಿ? ನಿನ್ ಭಕ್ತೀನಾ?" ಅಂದರು.

"ಫೋನ್ ಕೊಡಿ. ನಾನೇ ಅವರಿಗೆ ಹೇಳ್ತೀನಿ."

"ಏನಂತ ಹೇಳ್ತೀಯ? ಅಸ್ತು ದೇವತೆ ಕಥೆನಾ?"

"ಹೂಂ. ಅದನ್ನೇ."

ಸೀರೆ ಸೆರಗಿಗೆ ಕೈ ಒರೆಸಿಕೊಂಡು ಎದ್ದೆ. ಅವರು ನಂಬರ್ ಒತ್ತಿ, ಸ್ಪೀಕರ್ ಹಾಕಿ, ಸ್ಟೂಲಿನ ಮೇಲಿಟ್ಟರು. ಫ್ಯಾಕ್ಟರಿಯಲ್ಲಿ ಲೋಡಿಂಗ್ ನೋಡಿಕೊಳ್ಳುವ ಹಿರಿಯರು ಎತ್ತಿದರು. ನಾನು ನಡುನಡುವೆ ತಡವರಿಸುತ್ತಾ ಹೇಳಿ ಮುಗಿಸಿದೆ. ಆ ಕಡೆಯಿಂದ ನಗು ಕೇಳಿಸಿತು.

"ಅಯ್ಯೋ ತಾಯಿ, ನಮ್ಮನೇಲೂ ಇದೇ ಗೋಳು. ನಮ್ಮಮ್ಮ ಸಿಲಿಂಡರ್ ತುಂಬಿದೆ ಕಣೋ ಅಂದ್ರೆ ನಾನು ಬುಕ್ ಮಾಡ್ಬೇಕು. ಒಂದ್ಸಲ ಮರೆತು ಮೂರು ದಿನ ಹೋಟ್ಲು ಊಟ."

ನನಗೆ ಜೀವ ಬಂದ ಹಾಗಾಯಿತು. "ಹಂಗಾದ್ರೆ ಸಾರ್, ಗಾಡಿ..." ಎಂದು ನಿಲ್ಲಿಸಿದೆ. ದೇವರಮನೆ ಕಡೆ ನೋಡಿದೆ. ಕಣ್ಣು ಮುಚ್ಚಿಕೊಂಡು, "ಗಾಡಿ ಖಾಲಿ ಇದೆ ಸಾರ್," ಅಂದುಬಿಟ್ಟೆ.

ಅವರ ನಗು ನಿಂತಿತು.

"ನೋಡಿ ತಾಯಿ, ನೀವು ನೊಂದ್ಕೋಬೇಡಿ. ನೀವು ಬೆಳಿಗ್ಗೇನೇ ಖಾಲಿ ಅಂದಿದ್ರೂ ಇದು ಒಂದು ಟ್ರಿಪ್ಪಿನ ಮಾತು. ಹೊಸ ತಿಂಗಳಿಂದ ಗಾಡಿನ ಮೊಬೈಲಲ್ಲೇ ಬುಕ್ ಮಾಡ್ಬೇಕು ಅಂತ ಮೇಲಿನವರ ಆರ್ಡರು. ಸ್ವಲ್ಪ ಸ್ವಲ್ಪ ಲೋಡು, ಅವತ್ತವತ್ತಿಂದು ಅವತ್ತೇ. ಅದಕ್ಕೆ ಕರೆಂಟ್ ಆಟೋ ಸಾಕಂತೆ. ನಾನು ಯಾರಿಗೂ ಫೋನ್ ಮಾಡೋ ಹಂಗೇ ಇಲ್ಲ. ಖಾಯಂ ಅಂತ ನಿಮ್ಮ ಯಜಮಾನ್ರಿಗೆ ಮಾತು ಕೊಟ್ಟಿದ್ದು ನಿಜ. ಅವಾಗ ಅದು ನನ್ನ ಕೈಲಿತ್ತು. ಕೊನೇ ಟ್ರಿಪ್ಪಾದ್ರೂ ಅವರಿಗೇ ಕೊಡೋಣ ಅಂತ ಬೆಳಿಗ್ಗೆ ಮಾಡಿದ್ದೆ."

"ಆಯ್ತು ಸಾರ್. ಪರವಾಗಿಲ್ಲ ಬಿಡಿ," ಅಂದರು ಯಜಮಾನರು. ಫೋನಿಗೆ ಕೇಳುವ ಹಾಗೆ ಸ್ವಲ್ಪ ಬಗ್ಗಿ ಅಂದರು, ಎದುರಿಗಿದ್ದವರಿಗೆ ತಲೆಬಾಗಿದಂತೆ.

ನನ್ನ ತಪ್ಪಿನಿಂದ ಹೋಗಲಿಲ್ಲ ಎಂದು ಎದೆ ಹಗುರಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ, ಸುಳ್ಳೇಕೆ ಹೇಳಲಿ. ಆಮೇಲೆ ಅನಿಸಿತು, ನನ್ನ ತಪ್ಪೇ ಆಗಿದ್ದರೆ ತಿದ್ದಬಹುದಿತ್ತು. ಕಾಲು ಹಿಡಿದಾದರೂ ಒಪ್ಪಿಸಬಹುದಿತ್ತು. ಇಲ್ಲಿ ಯಾರ ಕಾಲು ಹಿಡಿಯುವುದು? ಆ ಹಿರಿಯರ ಕೈಯಲ್ಲೂ ಏನೂ ಇರಲಿಲ್ಲ.

ನಾನು ಮತ್ತೆ ಕಾಳಿನ ಮುಂದೆ ಕೂತೆ. ಯಜಮಾನರೂ ಎದುರಿಗೆ ನೆಲದ ಮೇಲೇ ಕೂತರು. ಮಂಡಿ ಮಡಿಸುವಾಗ ಯಾವಾಗಲೂ ಬರುವ ಆ ನರಳಿಕೆ ಬಂತು. ನೆನೆದ ಕಾಳಿನಿಂದ ಒಂದು ಹಿಡಿ ತೆಗೆದು ಹಿತುಕತೊಡಗಿದರು. ಸ್ಟೀರಿಂಗು ಹಿಡಿದ ದಪ್ಪ ಬೆರಳು, ಬೇಳೆಯೆಲ್ಲ ಜಜ್ಜಿಹೋಗುತ್ತಿತ್ತು. ನಾನು ಬೇಡ ಅನ್ನಲಿಲ್ಲ.

"ಎಫ್‌ಸಿ ಮಾಡಿಸ್ತೀರಾ?" ಎಂದು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದೆ.

"ಯಾತಕ್ಕೆ? ಮನೆ ಮುಂದೆ ನಿಲ್ಸೋಕೆ ಎಫ್‌ಸಿ ಬೇಕಾ?"

ಕೈ ಒರೆಸಿಕೊಂಡು ಕೆಂಗೇರಿ ಕಡೆಯ ಒಬ್ಬರಿಗೆ ಫೋನ್ ಮಾಡಿದರು. ನೀರಿನ ಕ್ಯಾನ್ ವ್ಯಾಪಾರದವರು, ಎರಡು ಸಲ ಬಂದು ಗಾಡಿ ನೋಡಿಹೋಗಿದ್ದರು. ಈ ಸಲವೂ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಅಣ್ಣಾ, ಮನಸ್ಸು ಮಾಡಿದ್ರಾ? ಗಾಡಿ ಈಗ ಖಾಲಿ ಇದ್ಯಾ, ಇಲ್ಲ ಬಾಡಿಗೆ ಮೇಲಿದ್ಯಾ?"

ಯಜಮಾನರು ಬಾಯಿ ತೆರೆದವರು ನನ್ನ ಮುಖ ನೋಡಿದರು.

"ಮನೆ ಮುಂದೇನೇ ಇದೆ," ಅಂದರು. "ನಮ್ಮನೆಯೋರು ಹೂವ ಮುಡಿಸವ್ರೆ. ಯಾವಾಗ ಬಂದು ತಗೊಂಡು ಹೋಗ್ತೀರ?"

"ಸಂಕ್ರಾಂತಿ ಕಳೀಲಿ ಅಣ್ಣಾ. ಧನುರ್ಮಾಸದಲ್ಲಿ ಗಾಡಿ ಮನೆಗೆ ತಂದ್ರೆ ನಮ್ಮಮ್ಮ ಬಾಗ್ಲು ತೆಗೆಯಲ್ಲ."

"ನಿಧಾನಕ್ಕೆ ಬನ್ನಿ," ಎಂದು ಇಟ್ಟರು.

ಇನ್ನು ಹದಿನೈದು ದಿನವಾದರೂ ಗಾಡಿ ಮನೆ ಮುಂದೆ ಇರುತ್ತದೆ. ಹಬ್ಬದ ದಿನ ತೊಳೆದು, ಅರಿಶಿನ ಕುಂಕುಮ ಇಟ್ಟು, ಎಳ್ಳು ಬೆಲ್ಲ ಎಡೆ ಇಡಬಹುದು. ಹೋದ ಎರಡು ಗಾಡಿಗಳಿಗೆ ಅಷ್ಟೂ ಮಾಡಲಾಗಿರಲಿಲ್ಲ. ಕೊಳ್ಳುವವರ ಮನೆಯಲ್ಲಿ ಶಾಸ್ತ್ರ ಗೊತ್ತಿರುವ ತಾಯಿ ಇದ್ದಾರೆ, ಅಲ್ಲೂ ಅದಕ್ಕೆ ಶುಕ್ರವಾರ ಹೂವು ಸಿಗಬಹುದು. ಇವರ ಮಂಡಿಗೆ ಕ್ಲಚ್ಚಿನಿಂದ ಬಿಡುವು ಸಿಗುತ್ತದೆ. ಇಷ್ಟನ್ನೇ ಲೆಕ್ಕ ಹಾಕಿಕೊಂಡೆ.

"ಹೊಟ್ಟೆ ಹಸೀತಾ ಇದೆ," ಅಂದರು, ಕಾಳಿನಿಂದ ಕಣ್ಣೆತ್ತದೆ.

ಅಕ್ಕಿ ಡಬ್ಬದ ಮುಚ್ಚಳ ತೆಗೆದೆ. ತಳ ಕಾಣುತ್ತಿತ್ತು. ಡಬ್ಬದಲ್ಲಿ ಒಂದು ಹಿಡಿ ಉಳಿಸಿ, ಮಿಕ್ಕಿದ್ದನ್ನು ಪಾವಿನಲ್ಲಿ ಅಳೆದುಕೊಂಡು, ತೊಳೆಯಲು ನಲ್ಲಿ ತಿರುಗಿಸಿದೆ.