ಕ್ಯಾಮೆರಾ ಕೌಂಟರಿನ ‘ಪರೀಕ್ಷೆ ಅಕ್ಕ’

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯ ತಾರಸಿಯ ಮೇಲೆ ಮಹಿಳೆಯೊಬ್ಬರು ಅಂಗೈಯಗಲದ ವಿಡಿಯೊ ಕ್ಯಾಮೆರಾ, ಅಂದರೆ ಕ್ಯಾಮ್‌ಕಾರ್ಡರ್, ಹಿಡಿದು ನೀರಿನ ಟ್ಯಾಂಕನ್ನು ಸುತ್ತುತ್ತಿದ್ದಾರೆ. ಒಂದು ಸುತ್ತು ನಡಿಗೆ, ಇನ್ನೊಂದು ಸುತ್ತು ಓಟ. ಆಮೇಲೆ ಮಸುಕಿನಲ್ಲಿ ಕೂತ ಕಾಗೆಯತ್ತ ಲೆನ್ಸ್ ತಿರುಗಿಸಿ ಒಂದರಿಂದ ಇಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾರೆ. ಕಾಗೆಗೂ ಇದು ರೂಢಿಯಾಗಿಬಿಟ್ಟಿದೆ. ಜಾಗ ಬಿಟ್ಟು ಕದಲುವುದಿಲ್ಲ.

“ಎಣಿಸೋದು ಶಬ್ದಕ್ಕೆ. ಗಾಳೀಲಿ ನನ್ನ ‘ಹದಿನಾಲ್ಕು’ ಉಳೀತಾ, ಹಾರಿಹೋಯ್ತಾ ನೋಡ್ಬೇಕಲ್ಲ?” ಎನ್ನುತ್ತಾ ಮೆಟ್ಟಿಲಿಳಿಯುತ್ತಾರೆ.

ಅಂಗಡಿಯವರೆಲ್ಲ ಇವರನ್ನು ಕರೆಯುವುದು ‘ಪರೀಕ್ಷೆ ಅಕ್ಕ’ ಎಂದೇ. ವಯಸ್ಸು ನಲವತ್ತೆರಡು. ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ ಸೇರಿದವರು, ಪೆಟ್ಟಿಗೆಯೊಳಗಿನ ಕೈಪಿಡಿಗಳನ್ನು ಓದುತ್ತಾ ಓದುತ್ತಾ ಮೇಲಿನ ಕೌಂಟರಿಗೆ ಬಂದರು. ಈಗ ಅವರ ಮುಂದೆ ಹನ್ನೊಂದು ಕ್ಯಾಮ್‌ಕಾರ್ಡರ್‌ಗಳಿವೆ. ದಿನಕ್ಕೆ ಮೂವತ್ತು ಜನ ಬಂದು ಮುಟ್ಟಿ, ತಿರುಗಿಸಿ ನೋಡುತ್ತಾರೆ. ಕೊಳ್ಳುವವರು ಇಬ್ಬರೋ ಮೂವರೋ. ಉಳಿದವರದು ಒಂದೇ ಪ್ರಶ್ನೆ: ಮೊಬೈಲ್ ಇರುವಾಗ ಇದ್ಯಾಕೆ?

“ಕೆಲವರಿಗೆ ಬೇಡವೇ ಬೇಡ, ಹಾಗಂತಲೇ ಹೇಳಿ ಕಳಿಸ್ತೀನಿ. ಆದ್ರೆ ಮಗು ನಾಟಕದಲ್ಲಿ ಬಾಯಿ ಬಿಡೋ ಹೊತ್ತಿಗೇ ಮೊಬೈಲಿಗೆ ಯಾರದೋ ಫೋನ್ ಬರತ್ತೆ ನೋಡಿ, ಅಂಥವರು ವಾಪಸ್ ಬರ್ತಾರೆ.”

ಪರೀಕ್ಷೆಯ ಈ ಗೀಳು ಹತ್ತಿದ್ದಕ್ಕೂ ಕಾರಣವಿದೆ. ಕೌಂಟರಿಗೆ ಬಂದ ಹೊಸತರಲ್ಲಿ ಕೈ ನಡುಗುವ ಹಿರಿಯರೊಬ್ಬರಿಗೆ, ಡಬ್ಬಿಯ ಮೇಲಿನ ದೊಡ್ಡ ಜೂಮ್ ಅಂಕಿ ನಂಬಿ, ಬಲು ದೂರದ್ದನ್ನು ಹತ್ತಿರ ತೋರಿಸುವ ಮಾದರಿ ಮಾರಿದ್ದರು. ಮೊಮ್ಮಗಳ ಕುಣಿತವೆಲ್ಲ ಭೂಕಂಪವಾದಂತೆ ಅದುರಿತ್ತು. “ಅವರು ಬೈದಿದ್ರೆ ಮರೆತುಬಿಡ್ತಿದ್ದೆ. ‘ನನ್ನ ಕೈದೇ ತಪ್ಪಮ್ಮ’ ಅಂದ್ಬಿಟ್ರು.” ಅಂದಿನಿಂದ ತಾರಸಿ ಹತ್ತದೆ ಯಾವ ಮಾದರಿಯೂ ಗಿರಾಕಿಯ ಕೈ ಸೇರುವುದಿಲ್ಲ.

ಮಂದ ಬೆಳಕಿನ ಪರೀಕ್ಷೆ ಮನೆಯಲ್ಲಿ. ಒಂದೇ ಬಲ್ಬಿನ ಅಡುಗೆಮನೆ, ಎದುರಿಗೆ ತರಕಾರಿ ಹೆಚ್ಚುವ ಅತ್ತೆ. “‘ಯಾವುದರಲ್ಲಿ ನನ್ನ ಸುಕ್ಕು ಎದ್ದು ಕಾಣತ್ತೋ ಅದನ್ನ ಮಾತ್ರ ಮಾರಬೇಡ’ ಅಂತಾರೆ. ಒಳ್ಳೇದು ಅದೇ ಅಂತ ಅವರಿಗೆ ಹೇಗೆ ಹೇಳ್ಲಿ!”

ಕಳೆದ ವರ್ಷ ಬಸ್ ಚಾಲಕರೊಬ್ಬರು ಬಂದು, ಇರುವುದರಲ್ಲೇ ದುಬಾರಿಯದು ಕೊಡಿ ಎಂದರು. ಮಾಲೀಕರು ಖುಷಿಯಿಂದ ಅದನ್ನು ತೆಗೆದು ಮುಂದಿಟ್ಟೂ ಬಿಟ್ಟರು. ಅಕ್ಕ ಮಾತ್ರ ಎಂದಿನಂತೆ ಕೇಳಿದರು: “ಇದರಲ್ಲಿ ಯಾರನ್ನ ಹಿಡೀಬೇಕಣ್ಣ?”

ಚಾಲಕರು ತುಸು ತಡವರಿಸಿದರು. “ಹೆಂಡ್ತೀನ. ಟೀಚರು. ಇನ್ನು ಹತ್ತು ದಿನಕ್ಕೆ ಗಂಟಲಿನ ಆಪರೇಷನ್ನು. ಆಮೇಲೆ ಧ್ವನಿ ಇರಲ್ಲ ಅಂದಿದಾರೆ. ಮಗಳಿಗೆ ದಿನಾ ಕಥೆ ಓದ್ತಾಳೆ. ಅದನ್ನ ಇಟ್ಕೋಬೇಕು.”

ಅಕ್ಕ ದುಬಾರಿ ಮಾದರಿಯನ್ನು ಪಕ್ಕಕ್ಕೆ ಸರಿಸಿ ಮಧ್ಯಮ ಬೆಲೆಯದೊಂದನ್ನು ಮುಂದಿಟ್ಟರು. “ಒಂದು ಕೋಣೆಯೊಳಗಿನ ಮಾತಿಗೆ ಅಷ್ಟು ದೂರ ನೋಡೋ ಕಣ್ಣು ಯಾಕೆ? ನಿಮಗೆ ಬೇಕಿರೋದು ಕಿವಿ. ಇದಕ್ಕೆ ಬೇರೆ ಮೈಕ್ ಸಿಕ್ಕಿಸಬಹುದು, ಅದಕ್ಕೆ ಆಗಲ್ಲ. ಮೈಕನ್ನ ಅವರ ಸೆರಗಿಗೇ ಸಿಕ್ಕಿಸಿ. ಫ್ಯಾನ್ ಆರಿಸಿ. ನೀವು ಮಧ್ಯೆ ಮಾತಾಡ್ಬೇಡಿ.”

ಚಾಲಕರು ಹೊರಟಿದ್ದೇ ತಡ, ಮಾಲೀಕರು ಸಿಡಿದರು. “ತಾನಾಗೇ ಮೇಲೆ ಹತ್ತಿದ ಗಿರಾಕೀನ ಕೆಳಗಿಳಿಸ್ತೀಯಲ್ಲಮ್ಮ! ಹೋಗು, ವಾಷಿಂಗ್ ಮಷೀನ್ ಮಾರು.”

ಎರಡು ತಿಂಗಳು ಅಕ್ಕ ವಾಷಿಂಗ್ ಮಷೀನ್‌ಗಳ ನಡುವೆ ನಿಂತರು. ಮೇಲಿನ ಕೌಂಟರಿಗೆ ಬಂದಿದ್ದ ಹೊಸ ಮಾದರಿಗಳನ್ನು ಮುಟ್ಟುವಂತಿರಲಿಲ್ಲ. “ಸಂಕಟ ಆಗ್ತಿತ್ತು. ಹಾಗಂತ ಸುಮ್ನೆ ಕೂರಕ್ಕಾಗತ್ತಾ? ಯಾವ ಮಷೀನು ಎಷ್ಟು ಗದ್ದಲ ಮಾಡತ್ತೆ ಅಂತ ಬರ್ಕೊಂಡೆ.”

ಒಂದು ಮಧ್ಯಾಹ್ನ ಚಾಲಕರು ಹೆಂಡತಿಯೊಂದಿಗೆ ಬಂದರು. ಆಕೆಯ ಕುತ್ತಿಗೆಗೆ ತೆಳು ಬಟ್ಟೆ, ಕೈಯಲ್ಲೊಂದು ಪುಟ್ಟ ಪುಸ್ತಕ, ಪೆನ್ಸಿಲ್. ಅಕ್ಕನನ್ನು ವಾಷಿಂಗ್ ಮಷೀನ್‌ಗಳ ಸಾಲಿನಲ್ಲಿ ಹುಡುಕಿ ಕರೆತಂದು, ಕ್ಯಾಮ್‌ಕಾರ್ಡರನ್ನು ಅಂಗಡಿಯ ದೊಡ್ಡ ಟಿವಿಗೆ ಜೋಡಿಸಿದರು. ನರಿಯೊಂದು ಕೋಟು ಹೊಲಿಸಿಕೊಂಡ ಕಥೆ. ಟೀಚರಮ್ಮನ ಧ್ವನಿ ಅಂಗಡಿ ತುಂಬ ಹರಡಿತು. ಪುಟ ತಿರುವುವ ಸದ್ದು, ನಗು ತಡೆದುಕೊಂಡ ಉಸಿರು, ‘ಆಮೇಲೆ?’ ಎನ್ನುವ ಮಗಳು, ಎಲ್ಲವೂ ಕೇಳಿಸಿತು. ಬೇರೆ ಟಿವಿಗಳ ಶಬ್ದವನ್ನು ಯಾರೋ ಅಡಗಿಸಿದರು. ಮಾಲೀಕರು ಗಲ್ಲದ ಮೇಲೆ ಕೈಯಿಟ್ಟು ನಿಂತೇ ಇದ್ದರು.

ಟೀಚರಮ್ಮ ಏನೋ ಬರೆದು ಅಕ್ಕನಿಗೆ ತೋರಿಸಿದರು: ‘ನಾನು ಇಷ್ಟು ಬೇಗ ಬೇಗ ಮಾತಾಡ್ತಿದ್ದೆನಾ?’

ಇಬ್ಬರೂ ನಕ್ಕರು. ಒಬ್ಬರದು ಸದ್ದಿಲ್ಲದ ನಗು. ನಗುನಗುತ್ತಲೇ ಅಕ್ಕನ ಕಣ್ಣು ತುಂಬಿ ಬಂತು.

ಮರುದಿನ ಮಾಲೀಕರು ಕ್ಯಾಮೆರಾ ಕೌಂಟರಿನ ಬೀಗದ ಕೈಯನ್ನು ಅಕ್ಕನ ಮುಂದಿಟ್ಟು ಹೋದರು. ಈಗಲೂ ದುಬಾರಿಯದನ್ನೇ ಮೊದಲು ತೋರಿಸು ಎನ್ನುತ್ತಾರೆ. ಅಕ್ಕ ತೋರಿಸುತ್ತಾರೆ, ಆಮೇಲೆ ತಮ್ಮ ಪ್ರಶ್ನೆಯನ್ನೂ ಕೇಳುತ್ತಾರೆ.

ಮತ್ತೇನಾದರೂ ಆಸೆ ಇದೆಯೇ ಎಂದರೆ, ಗಾಜಿನ ಮೇಲಿನ ಬೆರಳಚ್ಚು ಒರೆಸುತ್ತಾ ಹೇಳುತ್ತಾರೆ:

“ಕೌಂಟರಿನ ಆಚೆಗೆ ಒಂದು ಕುರ್ಚಿ ಹಾಕಿಸಿಕೊಟ್ರೆ ಸಾಕು. ನನಗಲ್ಲ, ಬರೋರಿಗೆ. ನಿಂತ್ಕೊಂಡಿರೋರು ಬೆಲೆ ಕೇಳ್ತಾರೆ. ಕೂತ್ಕೊಂಡ್ರೆ, ಯಾಕೆ ಬೇಕು ಅಂತ ಹೇಳ್ತಾರೆ.”