ಅಕ್ಕ ಕೇಳದ ಆಸರಿ

ಮೊದಲು ಕೇಳಿಸಿದ್ದು ಸದ್ದು. ಒಣ ಕಡ್ಡಿ ಮುರಿದಂತೆ. ನೋವು ಆಮೇಲೆ ಬಂತು.

ಮುರಿದದ್ದು ನನ್ನ ಬಲಗೈ ಮಣಿಕಟ್ಟು. ಮುರಿದವನು ಶಾಂತಾರಾಮ.

ಕುಮಟಾ ಪೇಟೆಯಲ್ಲಿ ನಮ್ಮಿಬ್ಬರದು ಹೊಲಿಗೆ ಅಂಗಡಿ. ಅವನು ಬಟ್ಟೆ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ಊರಿನವರ ಕಣ್ಣಿಗೆ ಪಾಲುದಾರರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಹಾಸಿಗೆ, ಒಂದೇ ಸಂಸಾರ. ಯುದ್ಧ ಬಂದು ಬಟ್ಟೆಗೆ ರೇಷನ್ ಆದಮೇಲೆ ಕೆಲಸ ಕಡಿಮೆಯಾಯಿತು, ಅವನ ಸಿಟ್ಟು ಹೆಚ್ಚಾಯಿತು. ಆದರೆ ಕೈ ಮುರಿದದ್ದಕ್ಕೆ ರೇಷನ್ ಕಾರಣವಲ್ಲ ಬಿಡಿ. ಗಿರಾಕಿಯೊಬ್ಬನ ಎದೆಯ ಅಳತೆ ತೆಗೆಯುವಾಗ ನಾನು ನಕ್ಕೆನಂತೆ. ಅಷ್ಟೇ.

ದವಾಖಾನೆಗೆ ಅವನೇ ಕರೆದುಕೊಂಡು ಹೋದ.

“ಎಂತ ಆತು?” ಡಾಕ್ಟರು ಕೇಳಿದರು.

“ಬಾವಿಕಟ್ಟೆ ಹತ್ರ ಜಾರಿಬಿದ್ದ,” ಎಂದ ಶಾಂತಾರಾಮ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮತ್ತೇನು ಮಾಡಲಿ? ನಿಜ ಹೇಳಿದರೆ ಅವನಿಗಿಂತ ಮೊದಲು ನನ್ನ ಮಾನ ಹೋಗುತ್ತಿತ್ತು. ಫ್ರ್ಯಾಕ್ಚರ್ ಎಂದು ಪ್ಲಾಸ್ಟರ್ ಹಾಕಿದರು.

ಆಮೇಲೆ ಶುರುವಾಯಿತು ಅವನ ಸೇವೆ. ಗಂಜಿ ಉಣಿಸಿದ, ತಲೆ ಬಾಚಿದ, ಅಂಗಿಯ ಗುಂಡಿ ಹಾಕಿದ. “ಒಡಹುಟ್ಟಿದವ್ರೂ ಇಷ್ಟ್ ಮಾಡೂದಿಲ್ಲ ಮಾರಾಯಾ,” ಎಂದಳು ಪಕ್ಕದ ಮನೆಯ ಗಂಗಕ್ಕ. ಮೈಯೆಲ್ಲ ಉರಿಯಿತು. ಅದಕ್ಕಿಂತ ಸಿಟ್ಟು ಬಂದದ್ದು ನನ್ನ ಮೇಲೆಯೇ. ಅವನು ಗಂಜಿ ಆರಿಸಿ ಬಾಯಿಗಿಡುವಾಗ ನನಗೆ ಪ್ರೀತಿ ಉಕ್ಕುತ್ತಿತ್ತು. ಥೂ, ಎಂಥ ಜೀವವಪ್ಪಾ ಇದು!

ಹೊಡೆತ ತಿಂದ ಹೆಂಗಸು ತವರಿಗೆ ಹೋಗುತ್ತಾಳೆ. ಗಂಡ ಬಂದರೆ ಹಿರಿಯರು ಕೂಡಿಸಿ ಕೇಳುತ್ತಾರೆ. ನನಗೆ ಯಾವ ತವರು?

ಪ್ಲಾಸ್ಟರ್ ಇರುವಾಗಲೇ ಅವನು ಮತ್ತೆ ಹೊಡೆದ.

ಮರುದಿನ ಅವನು ನೂಲು ತರಲು ಹೋದಾಗ ಹೊನ್ನಾವರದ ಬಸ್ಸು ಹತ್ತಿದೆ. ದೋಣಿಯಲ್ಲಿ ಹೊಳೆ ದಾಟಿ ಅಕ್ಕನ ಮನೆ ಸೇರಿದೆ. ಬಾವಿಕಟ್ಟೆಯ ಕತೆಯನ್ನೇ ಅವಳಿಗೂ ಹೇಳಿದೆ. ಅವಳು ನನ್ನ ಕೆನ್ನೆಯ ಮೇಲಿನ ಬೆರಳಿನ ಗುರುತು ನೋಡಿದಳು. ಒಳಗೆ ಹೋಗಿ ಚಾಪೆ ಹಾಸಿದಳು.

ವಾರ ಕಳೆಯುವುದರೊಳಗೆ ಅವನು ಕರೆಯಲು ಬಂದ. ಒಳ್ಳೆಯ ಅಂಗಿ ತೊಟ್ಟು, ಬಾಳೆಹಣ್ಣು ಹಿಡಿದು ಬಂದ. ನಮ್ಮ ಕಡೆ ಯಾರೇ ಜಗಲಿ ಹತ್ತಲಿ, ವೈರಿಯೇ ಇರಲಿ, ಮೊದಲು ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ. ಬಾಯಾರಿ ಬಂದವರಿಗೆ ಬೆಲ್ಲ, ನೀರಾದರೂ ಕೊಡುತ್ತಾರೆ. ಅಕ್ಕ ಬಾಗಿಲಲ್ಲಿ ನಿಂತಳು. ಕೇಳಲಿಲ್ಲ. ಅವನು ಬಿಸಿಲಿನ ಮಾತಾಡಿದ, ದೋಣಿ ತಡವಾದ ಮಾತಾಡಿದ, ಬೆವರು ಒರೆಸಿಕೊಂಡ. ಅವಳು ಹಾಗೇ ನಿಂತಿದ್ದಳು.

“ಸುಬ್ರಾಯನ್ನ ಕಳಿಸ್ತ್ರಾ ಅಕ್ಕಾ?”

“ಅಂವ ಇಲ್ಲೇ ಇರ್ತ. ನೀ ಹೋಗು.”

ಅವಳಿಗೆ ಎಲ್ಲ ಗೊತ್ತಾಗಿತ್ತು.

ಒಳಗೆ ಕುಳಿತಿದ್ದ ನನಗೆ ಎದ್ದು ಅವನ ಹಿಂದೆ ಹೋಗಬೇಕೆನಿಸಿತು. ಸುಳ್ಳೇಕೆ ಹೇಳಲಿ? ಆದರೂ ಹೋಗಲಿಲ್ಲ.

ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಅಂಗಿಗೆ ಕಾಜಾ ಹಾಕಲು ಬರುವುದಿಲ್ಲ. ಅವನ ನೆನಪಾಗುತ್ತದೆ, ಆದಾಗಲೆಲ್ಲ ಸಿಟ್ಟೂ ಬರುತ್ತದೆ. ಪ್ಲಾಸ್ಟರ್ ಬಿಚ್ಚಿದ ದಿನ ದವಾಖಾನೆಯಿಂದ ಬಂದು ಜಗಲಿ ಹತ್ತುತ್ತಿದ್ದಂತೆ ಅಕ್ಕ ಕೇಳಿದಳು:

“ಆಸರಿಗೆ ಎಂತ ಬೇಕೋ ತಮ್ಮಾ?”

ಬೆಲ್ಲ ನೀರಿನ ಲೋಟವನ್ನು ಬಲಗೈಯಲ್ಲೇ ಹಿಡಿದೆ. ಸ್ವಲ್ಪ ಚೆಲ್ಲಿತು. ಉಳಿದದ್ದನ್ನು ಕುಡಿದೆ.